ಸುರುಳಿಗಳಲ್ಲಿ ಇಲ್ಲದ ಹೆಸರು: ಎಸ್ಸೀನ್

ಮೃತ ಸಮುದ್ರದ ಸುರುಳಿಗಳ, ಅಂದರೆ ಅದರ ದಡದ ಗವಿಗಳಲ್ಲಿ ಸಿಕ್ಕ ಹಳೆಯ ಯೆಹೂದ್ಯ ಹಸ್ತಪ್ರತಿಗಳ ಬಗ್ಗೆ ಯಾವ ವಿಡಿಯೋ ಹಾಕಿದರೂ ‘ಇವನ್ನು ಬರೆದವರು ಎಸ್ಸೀನರು’ ಅಂತ ಬಂದೇ ಬರುತ್ತದೆ. ಎಸ್ಸೀನರು ಅಂದರೆ ಸುಮಾರು ಎರಡು ಸಾವಿರ ವರ್ಷ ಹಿಂದಿನ ಒಂದು ಯೆಹೂದ್ಯ ಪಂಗಡ. ನಿನ್ನೆ ನೋಡಿದ್ದರಲ್ಲಂತೂ ‘ಎಸ್ಸೀನರು ಸುರುಳಿಗಳಲ್ಲಿ ತಮ್ಮನ್ನು ಹೀಗೆ ಕರೆದುಕೊಂಡಿದ್ದಾರೆ’ ಅಂದುಬಿಟ್ಟರು. ಇಲ್ಲ ಸ್ವಾಮಿ, ಕರೆದುಕೊಂಡಿಲ್ಲ. ಆ ದಡದ ಕುಮ್ರಾನ್ ಎಂಬ ಪಾಳು ನೆಲೆಯ ಸುತ್ತಲಿನ 11 ಗವಿಗಳಲ್ಲಿ ಸಿಕ್ಕಿದ್ದು ಸುಮಾರು 900 ಹಸ್ತಪ್ರತಿಗಳು, ಹೆಚ್ಚಿನವು ಬರೀ ಚೂರುಗಳು. ಅವುಗಳಲ್ಲಿ ‘ಎಸ್ಸೀನ್’ ಎಂಬ ಹೆಸರು ಎಲ್ಲೂ ಇಲ್ಲ.

ಆ ಹೆಸರು ನಮಗೆ ಸಿಗುವುದು ಒಂದನೇ ಶತಮಾನದ ಮೂವರಿಂದ. ಫಿಲೋ ಮತ್ತು ಜೋಸೆಫಸ್ ಯೆಹೂದ್ಯರೇ, ಆದರೆ ಬರೆದದ್ದು ಗ್ರೀಕಿನಲ್ಲಿ. ಪ್ಲಿನಿ ರೋಮನ್, ಬರೆದದ್ದು ಲ್ಯಾಟಿನ್. ಪದದ ಮೂಲ ಏನು ಅಂತ ಕೇಳಿದರೆ ಜಗಳ ಶುರು. ಫಿಲೋ ಅದನ್ನು ಗ್ರೀಕಿನ ‘ಹೊಸಿಯೋತೇಸ್’, ಅಂದರೆ ಪವಿತ್ರತೆಗೆ ಗಂಟು ಹಾಕುತ್ತಾನೆ, ಸರಿಯಾದ ಗ್ರೀಕ್ ರೂಪವಲ್ಲ ಅಂತ ಅವನೇ ಒಪ್ಪಿಕೊಳ್ಳುತ್ತಾನೆ ಕೂಡ. ಅರಮಾಯಿಕ್‌ನ ‘ಹಸ್ಯಾ’ (ಭಕ್ತ) ಅಂತ ಕೆಲವರು. ‘ಆಸ್ಯಾ’ (ವೈದ್ಯ) ಅಂತ ಇನ್ನು ಕೆಲವರು, ಯಾಕೆಂದರೆ ಇವರು ಬೇರು, ಕಲ್ಲುಗಳ ಔಷಧಿ ಗುಣ ಹುಡುಕುತ್ತಿದ್ದರು ಅಂತ ಜೋಸೆಫಸ್ ಬರೆದಿದ್ದಾನೆ. ನನಗೆ ಹಿಡಿಸಿದ್ದು ನಾಲ್ಕನೆಯದು: ಹೀಬ್ರೂವಿನ ‘ಓಸೇ ಹತೋರಾ’, ಧರ್ಮಶಾಸ್ತ್ರದಂತೆ ನಡೆಯುವವರು. ಈ ಮಾತು ಬೈಬಲಿನ ಪ್ರವಾದಿ ಹಬಕ್ಕೂಕನ ಪುಸ್ತಕದ ಮೇಲಿನ ವ್ಯಾಖ್ಯಾನದ ಸುರುಳಿಯಲ್ಲೇ ಇದೆ. ಇದು ನಿಜವಾದರೆ ಹೆಸರಿನ ಬೇರಾದರೂ ಗವಿಯಲ್ಲಿ ಸಿಕ್ಕಿತು ಅನ್ನಬಹುದು. ಸಾಬೀತಾಗಿಲ್ಲ, ಅದು ಬೇರೆ ಮಾತು.

ಹಾಗಾದರೆ ಸುರುಳಿಯವರು ತಮ್ಮನ್ನು ಏನಂತ ಕರೆದುಕೊಂಡರು? ‘ಯಹದ್’. ಒಟ್ಟಾಗಿರುವುದು, ಕೂಟ ಅಂತ ಅರ್ಥ. ದಯವಿಟ್ಟು ಇದನ್ನು ‘ಯೆಹೂದಿ’ ಜೊತೆ ಸೇರಿಸಬೇಡಿ. ಕನ್ನಡದಲ್ಲಿ ಎರಡಕ್ಕೂ ಒಂದೇ ‘ಹ’ ಹಾಕುತ್ತೇವೆ, ಹೀಬ್ರೂವಿನಲ್ಲಿ ಅವು ಬೇರೆ ಬೇರೆ ಅಕ್ಷರ, ಬೇರೆ ಬೇರೆ ಧಾತು.

ಇನ್ನು ‘ಬರೆದವರು’. ನಮ್ಮಲ್ಲಿ ಕವಿಯೂ ಬರೆಯುತ್ತಾನೆ, ನೋಡಿಕೊಂಡು ನಕಲು ಮಾಡಿದವನೂ ಬರೆಯುತ್ತಾನೆ, ಅದೇ ತೊಂದರೆ. ಸುರುಳಿಗಳಲ್ಲಿ ಸುಮಾರು ಕಾಲು ಭಾಗ ಬೈಬಲಿನ ಪುಸ್ತಕಗಳ ಪ್ರತಿಗಳು. ಯೆಶಾಯನ ಪುಸ್ತಕ ರಚಿಸಿದ್ದು ಕುಮ್ರಾನಿನವರಲ್ಲ ತಾನೇ?

ಎಸ್ಸೀನರ ಹೆಸರು ಸುಮ್ನೆ ಬಂದದ್ದಲ್ಲ, ಅದೂ ನಿಜ. 1948ರಲ್ಲೇ ಪುರಾತತ್ವಜ್ಞ ಎಲಿಯೆಜರ್ ಸುಕೆನಿಕ್ ಈ ಊಹೆ ಮಾಡಿದರು, 1951ರಿಂದ ಕುಮ್ರಾನ್ ಅಗೆದ ರೋಲಾಂ ದ ವೋ ಅದನ್ನು ಗಟ್ಟಿ ಮಾಡಿದರು. ಎಸ್ಸೀನರು ಮೃತ ಸಮುದ್ರದ ಪಶ್ಚಿಮಕ್ಕೆ, ಹೆಂಗಸರಿಲ್ಲದೆ ಇದ್ದರು ಅನ್ನುತ್ತಾನೆ ಪ್ಲಿನಿ. ನನಗೆ ಅದಕ್ಕಿಂತ ಉಗುಳಿನ ಸಾಕ್ಷಿ ಜಾಸ್ತಿ ಇಷ್ಟ. ಎಸ್ಸೀನರು ಸಭೆಯ ನಡುವೆ ಉಗುಳುವುದಿಲ್ಲ ಅಂತ ಜೋಸೆಫಸ್ ಹೇಳಿದರೆ, ಯಹದ್‌ನ ನಿಯಮಗಳ ಸುರುಳಿ ಹಾಗೆ ಉಗುಳಿದವನಿಗೆ 30 ದಿನ ಶಿಕ್ಷೆ ಹಾಕುತ್ತದೆ. ಇಷ್ಟು ಸಣ್ಣ ವಿಷಯ ಕಾಕತಾಳೀಯವಾಗಿ ಹೊಂದುವುದು ಕಷ್ಟ ಅಲ್ವಾ?

ಆದರೆ ಪ್ಲಿನಿ ಹೆಂಗಸರಿಲ್ಲ ಅಂದರೆ, ಅದೇ ಗವಿಗಳಲ್ಲಿ ಸಿಕ್ಕ ‘ದಮಸ್ಕ ದಸ್ತಾವೇಜು’ ಎಂಬ ಇನ್ನೊಂದು ನಿಯಮಗಳ ಗ್ರಂಥ ಹೆಂಡತಿ, ಮಕ್ಕಳ ಮಾತಾಡುತ್ತದೆ. ಮದುವೆಯಾಗುವ ಎಸ್ಸೀನರೂ ಇದ್ದರು ಅಂತ ಜೋಸೆಫಸ್ ಹೇಳಿದ್ದನ್ನು ತೋರಿಸಿ ಕೆಲವರು ಇದಕ್ಕೆ ಸಮಾಧಾನ ಹೇಳುತ್ತಾರೆ. ವಿದ್ವಾಂಸ ಲಾರೆನ್ಸ್ ಶಿಫ್ಮನ್ ಸುರುಳಿಗಳ ಕೆಲವು ಕಟ್ಟಳೆಗಳಲ್ಲಿ ಇನ್ನೊಂದು ಯೆಹೂದ್ಯ ಪಂಗಡವಾದ ಸದ್ದುಕಾಯರನ್ನು ಕಂಡರು. ಇನ್ನೊಬ್ಬ ವಿದ್ವಾಂಸ ನಾರ್ಮನ್ ಗೋಲ್ಬ್ ಇನ್ನೂ ಮುಂದೆ ಹೋಗಿ, ರೋಮನ್ನರ ದಾಳಿಗೆ ಹೆದರಿ ಜೆರುಸಲೇಮಿನ ಹಲವು ಗ್ರಂಥಾಲಯಗಳಿಂದ ತಂದು ಬಚ್ಚಿಟ್ಟವು ಇವು, ಒಂದೇ ಪಂಗಡದವಲ್ಲ ಅಂದರು. ಇದನ್ನು ಒಪ್ಪಿದವರು ಕಡಿಮೆ. ಎಸ್ಸೀನ್ ಊಹೆಯೇ ಇಂದಿಗೂ ಮುಂದಿದೆ. ಮುಂದಿದೆ ಅಷ್ಟೇ, ತೀರ್ಪಾಗಿಲ್ಲ.

‘ಯೇಸು ಎಸ್ಸೀನ್ ಆಗಿದ್ದ’ ಅನ್ನುವವರಿಗೆ ಒಂದೇ ಮಾತು: ಹೊಸ ಒಡಂಬಡಿಕೆಯಲ್ಲಿ ಫರಿಸಾಯರು, ಸದ್ದುಕಾಯರು ಬೇಕಾದಷ್ಟು ಸಿಗುತ್ತಾರೆ. ಎಸ್ಸೀನರ ಹೆಸರು ಅಲ್ಲೂ ಇಲ್ಲ.