ಒಗೆದರೂ ಬಾತ್‌ರೂಮ್ ಮ್ಯಾಟ್ ವಾಸನೆ ಬರುವುದೇಕೆ?

ಪ್ರಶ್ನೆ: ಬಾತ್‌ರೂಮಿಗೆ ಅಂತ ಚೆಂದದ, ದಪ್ಪನೆಯ ಮ್ಯಾಟ್ ತಂದೆ. ವಾರಕ್ಕೊಮ್ಮೆ ತಪ್ಪದೆ ಒಗೆಯುತ್ತೇನೆ. ಆದರೂ ಎರಡೇ ದಿನಕ್ಕೆ ಮುಗ್ಗಲು ವಾಸನೆ. ಮಳೆಗಾಲದಲ್ಲಂತೂ ಕೇಳಲೇಬೇಡಿ. ಯಾವ ಮ್ಯಾಟ್ ತಂದರೆ ಸರಿ?

ಉತ್ತರ: ನೀವು ಒಗೆಯುವುದರಲ್ಲಿ ತಪ್ಪಿಲ್ಲ. ಮ್ಯಾಟ್ ಒಣಗುತ್ತಿಲ್ಲ, ಅಷ್ಟೇ. ಅಂಗಡಿಯಲ್ಲಿ ಕೈಯಾಡಿಸಿದಾಗ ಮನಸ್ಸಿಗೆ ಹಿಡಿಸಿದ ಆ ದಪ್ಪವೇ ಈಗ ಕಾಟ ಕೊಡುತ್ತಿದೆ. ಮೇಲಿನ ಎಳೆ ಮುಟ್ಟಿದರೆ ಒಣಗಿದಂತೆ ಇರುತ್ತದೆ. ಬುಡದಲ್ಲಿ ಮಾತ್ರ ತೇವ ಕೂತಿರುತ್ತದೆ. ಅದರ ಕೆಳಗೆ ರಬ್ಬರ್ ಇರುವುದರಿಂದ ಗಾಳಿಗೂ ದಾರಿಯಿಲ್ಲ. ಬೂಷ್ಟು ಬೆಳೆಯಲು ಇನ್ನೇನು ಬೇಕು?

ಇಂಥ ದಪ್ಪ ಮ್ಯಾಟು ಹೊಂದುವುದು ನೆಲ ಒಣಗಿರುವ ಬಾತ್‌ರೂಮಿಗೆ. ಟಬ್ಬಿನಲ್ಲೋ ಗಾಜಿನ ಗೂಡಿನೊಳಗೋ ಸ್ನಾನ ಮಾಡಿ, ಆಚೆ ಕಾಲಿಡುವ ಮನೆಗಳಲ್ಲಿ. ನಮ್ಮದು ಬಕೆಟ್ಟು, ಚೊಂಬಿನ ಸ್ನಾನ. ನೆಲವೆಲ್ಲ ನೀರು. ಒಳಗೆ ಹಾಕಿದ ಮ್ಯಾಟ್ ಕಾಲು ಒರೆಸುವ ಮೊದಲೇ ನೆಂದಿರುತ್ತದೆ. ಹಾಗಾಗಿ ಹೊಸದನ್ನು ತರುವ ಮುಂಚೆ ಜಾಗ ಬದಲಾಯಿಸಿ. ನಮ್ಮ ಮನೆಗಳಲ್ಲಿ ಅದರ ಜಾಗ ಹೊಸ್ತಿಲಿನ ಹೊರಗೆ. ಬಾಗಿಲು ಹೊರಕ್ಕೆ ತೆರೆಯುವುದಾದರೆ ಅಡಿಯ ಸಂದು ಎಷ್ಟಿದೆ ನೋಡಿಕೊಳ್ಳಿ.

ಇನ್ನು ಆಯ್ಕೆ. ಮೆಮೊರಿ ಫೋಮ್ ಬೇಡ. ನಾನೂ ಆಸೆಪಟ್ಟು ಒಂದು ತಂದಿದ್ದೆ. ಕಾಲಿಟ್ಟರೆ ಹತ್ತಿಯ ಮೇಲೆ ನಿಂತ ಹಾಗೆ. ಆದರೆ ಜೋರಾಗಿ ಹಿಂಡಿದರೆ ಒಳಗಿನ ಫೋಮ್ ಹರಿಯುತ್ತದೆ, ಹಿಂಡದಿದ್ದರೆ ಒಣಗುವುದಿಲ್ಲ. ಜುಲೈ ಮಳೆಯಲ್ಲಿ ಮೂರು ದಿನ ತಂತಿ ಮೇಲಿದ್ದರೂ ನೀರು ತೊಟ್ಟಿಕ್ಕುತ್ತಿತ್ತು.

ನನ್ನ ಮತ ತೆಳುವಾದ ಕಾಟನ್ ಮ್ಯಾಟಿಗೆ, ಅದೂ ಹಿಂದೆ ರಬ್ಬರ್ ಇಲ್ಲದ್ದಕ್ಕೆ. ಹಳೇ ಕಾಟನ್ ಸೀರೆ ಹರಿದು ಹೆಣೆದ ಕಾಲೊರೆಸು ನೆನಪಿದೆಯಲ್ವಾ? ಅದರ ಗುಣವೂ ಇದೇ. ನೀರು ಹೀರುತ್ತದೆ, ಬೇಗ ಒಣಗುತ್ತದೆ, ಎರಡೂ ಕಡೆ ಬಳಸಬಹುದು. ಜಾರದಿರಲು ಅಡಿಗೆ ಬಲೆಯಂಥ ರಬ್ಬರ್ ಹಾಳೆ ಹಾಸಿ. ಅದು ಬೇರೆಯಾಗಿಯೇ ಸಿಗುತ್ತದೆ. ಹಾಸುವಾಗ ನೆಲ ಒಣಗಿರಬೇಕು, ಒದ್ದೆ ಟೈಲ್ಸ್ ಮೇಲೆ ಅದೂ ಜಾರುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಮಾತ್ರ ರಬ್ಬರ್ ಅಂಟಿಸಿದ ತೆಳು ಮೈಕ್ರೋಫೈಬರ್ ಮ್ಯಾಟೇ ವಾಸಿ. ಅಲ್ಲಿ ಅಂದಕ್ಕಿಂತ ಹಿಡಿತ ಮುಖ್ಯ.

ಕಡುಗೆಂಪು, ಕಡುನೀಲಿ ಕಾಟನ್ ಕೊಂಡರೆ ಮೊದಲ ಎರಡು ಮೂರು ಸಲ ಬೇರೆಯಾಗಿ ಒಗೆಯಿರಿ. ಬಣ್ಣ ಬಿಡುವ ಮ್ಯಾಟು ಒದ್ದೆಯಾಗಿ ಬಿಳಿ ಮಾರ್ಬಲ್ ಮೇಲೆ ಕೂತರೆ ಕಲೆ ಹೋಗುವುದು ಕಷ್ಟ.

ಒಗೆಯುವ ಮುಂಚೆ ಜೋರಾಗಿ ಕೊಡವಿ, ಕೂದಲು ಹೋಗಲಿ. ಸೋಪಿನ ಪುಡಿ ಸ್ವಲ್ಪ ಸಾಕು. ಜಾಸ್ತಿಯಾದರೆ ಎಳೆಯಲ್ಲೇ ಉಳಿದು ಕೊಳೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಫ್ಯಾಬ್ರಿಕ್ ಕಂಡೀಷನರ್ ಹಾಕಲೇಬೇಡಿ. ಅದು ಎಳೆಗೆ ಮೆತ್ತಿಕೊಂಡು ಮ್ಯಾಟು ನೀರು ಹೀರುವುದೇ ಕಡಿಮೆಯಾಗುತ್ತದೆ. ವಾಸನೆ ಹತ್ತಿದ ಕಾಟನ್ ಮ್ಯಾಟನ್ನು ಅರ್ಧ ಬಕೆಟ್ ನೀರಿಗೆ ಅರ್ಧ ಲೋಟ ಬಿಳಿ ವಿನೆಗರ್ ಹಾಕಿ ಅರ್ಧ ಗಂಟೆ ನೆನೆಸಿ. ಆದರೆ ವಿನೆಗರ್ ಜೊತೆಗೆ ಬ್ಲೀಚ್ ಬೆರೆಸಬಾರದು, ವಿಷದ ಕ್ಲೋರಿನ್ ಗಾಳಿ ಏಳುತ್ತದೆ. ರಬ್ಬರ್ ಇರುವ ಮ್ಯಾಟಿಗಂತೂ ಬ್ಲೀಚೂ ಬೇಡ, ಬಿಸಿನೀರೂ ಬೇಡ. ಬಿಸಿಲಿಗೆ ಹಾಕುವಾಗಲೂ ಎಳೆ ಇರುವ ಕಡೆ ಮೇಲಿರಲಿ. ಸುಡುಬಿಸಿಲಿಗೆ ರಬ್ಬರ್ ಬಿರಿಯುತ್ತದೆ.

ಒಂದು ದುಬಾರಿ ಮ್ಯಾಟಿನ ದುಡ್ಡಿಗೆ ಮೂರು ಸಾದಾ ಮ್ಯಾಟ್ ತನ್ನಿ. ಒಂದು ನೆಲದ ಮೇಲೆ, ಒಂದು ತಂತಿ ಮೇಲೆ, ಒಂದು ಕಪಾಟಿನಲ್ಲಿ. ಎಲ್ಲರ ಸ್ನಾನ ಮುಗಿದ ಮೇಲೆ ಹಾಸಿದ್ದನ್ನು ಎತ್ತಿ ಬಕೆಟ್ಟಿನ ಅಂಚಿಗಾದರೂ ಹಾಕಿ. ಸುಮ್ನೆ ನೆಲದ ಮೇಲೆ ಬಿಟ್ಟರೆ ಸಂಜೆಯವರೆಗೂ ಒದ್ದೆಯೇ.

ಈಗಿರುವ ಮ್ಯಾಟಿನ ಹಿಂಬದಿಯನ್ನೂ ಒಮ್ಮೆ ಉಜ್ಜಿ ನೋಡಿ. ರಬ್ಬರ್ ಪುಡಿಪುಡಿಯಾಗಿ ಕೈಗೆ ಬಂದರೆ ಅದರ ಹಿಡಿತ ಹೋಯಿತು ಅಂತಲೇ ಲೆಕ್ಕ. ಮೆಷಿನ್‌ಗಂತೂ ಹಾಕಬೇಡಿ, ಪುಡಿಯೆಲ್ಲ ಫಿಲ್ಟರ್‌ನಲ್ಲಿ ಕೂರುತ್ತದೆ.