ರಕ್ತ ಕಾಣಬಾರದು ಅಂತ ಸೈನಿಕರು ಕೆಂಪು ಬಟ್ಟೆ ಹಾಕುತ್ತಿದ್ದರಾ?

ಪ್ರಶ್ನೆ: ಹಿಂದಿನ ಕಾಲದ ಸೈನಿಕರು ಗಾಯದ ರಕ್ತ ಶತ್ರುಗಳಿಗೆ ಕಾಣಬಾರದು ಅಂತ ಕೆಂಪು ಬಟ್ಟೆ ಹಾಕುತ್ತಿದ್ದರಂತೆ, ನಿಜವೇ?

ಉತ್ತರ: ಕಲಬುರಗಿ ಕೋಟೆಗೆ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಬೀದರ್, ಶಹಾಪುರದ ಓದುಗರೂ ಇದನ್ನೇ ಕೇಳುತ್ತಾರೆ. ಎಷ್ಟು ಸಲ ಹೇಳಿದರೂ ಈ ಕಥೆ ಸಾಯುವುದಿಲ್ಲ. ಇನ್ನೊಮ್ಮೆ ಹೇಳುತ್ತೇನೆ.

ಮೊದಲು ಬಟ್ಟೆಯನ್ನೇ ನೋಡಿ. ಕೈ ಕೊಯ್ದುಕೊಂಡಾಗ ಕೆಂಪು ಟವೆಲ್ ಸುತ್ತಿಕೊಂಡವರಿಗೆ ಇದು ಗೊತ್ತು. ಹಸಿ ಇದ್ದಾಗ ಆ ಜಾಗ ಕಪ್ಪಗೆ ಕಾಣುತ್ತದೆ. ನಮ್ಮ ಬಿಸಿಲಿಗೆ ಬೇಗ ಒಣಗಿ ಕಂದಾಗುತ್ತದೆ, ಅಂಚಿಗೆ ಗೆರೆ ಬಿಡುತ್ತದೆ, ಬಟ್ಟೆ ಬಿರುಸಾಗುತ್ತದೆ. ಕೆಂಪು ಬಟ್ಟೆ ರಕ್ತವನ್ನು ಮುಚ್ಚುವುದೇ ಇಲ್ಲ. ಮುಚ್ಚುವುದೇ ಗುರಿಯಾಗಿದ್ದರೆ ಕಪ್ಪು ಬಟ್ಟೆ ಹಾಕುತ್ತಿದ್ದರು, ಅಲ್ವಾ?

ಇನ್ನು ಈ ಮಾತಿನ ಮೂಲ. ಕೆಂಪು ಹೊದಿಕೆಗೆ ಹೆಸರಾದವರು ಗ್ರೀಸಿನ ಸ್ಪಾರ್ಟಾದವರು. ಅವರನ್ನು ಹತ್ತಿರದಿಂದ ಕಂಡ ಗ್ರೀಕ್ ಲೇಖಕ ಕ್ಸೆನೊಫನ್ ಕ್ರಿ.ಪೂ. 4ನೇ ಶತಮಾನದಲ್ಲಿ ಕಾರಣ ಬರೆದಿಟ್ಟಿದ್ದಾನೆ: ಆ ಬಣ್ಣ ಹೆಂಗಸರ ಉಡುಪನ್ನು ಹೋಲುವುದಿಲ್ಲ, ಯುದ್ಧಕ್ಕೆ ತಕ್ಕದ್ದು. ರಕ್ತದ ಮಾತೇ ಇಲ್ಲ. ಅದು ಸಿಗುವುದು ಬಹಳ ಆಮೇಲಿನ ಲೇಖಕರಲ್ಲಿ. ಅವರಲ್ಲೊಬ್ಬ ಗ್ರೀಕ್ ಲೇಖಕ ಪ್ಲುಟಾರ್ಕ್, ಬರೆದದ್ದು ಸುಮಾರು ಐದು ಶತಮಾನ ಆದಮೇಲೆ. ಅವನೂ ಮೊದಲು ಹೇಳುವುದು ಗಂಡಸುತನದ ಬಣ್ಣ ಅಂತ, ಆಮೇಲೆ ನೋಡಿದ ಹೊಸಬರು ಹೆದರುತ್ತಾರೆ ಅಂತ. ಗಾಯ ಕಾಣದು ಎಂಬುದು ಕೊನೆಗೆ ಬರುತ್ತದೆ. ಜನ ಹಿಡಿದುಕೊಂಡದ್ದು ಆ ಕೊನೆಯ ಮಾತನ್ನೇ!

ರೋಮಿನವರೆಲ್ಲ ಕೆಂಪು ಹಾಕುತ್ತಿದ್ದರು ಎಂಬುದೂ ಸುಳ್ಳು. ಈಜಿಪ್ಟಿನಲ್ಲಿ ಸಿಕ್ಕ ರೋಮನ್ನರ ಕಾಲದ ಭಾವಚಿತ್ರಗಳಲ್ಲಿ ಸೈನಿಕರು ಬಿಳಿ ಅಂಗಿಯಲ್ಲಿದ್ದಾರೆ. ರೋಮಿನ ಸೇನೆಯಲ್ಲಿ ಕೆಂಪು ಸೇನಾಪತಿಯ ಗುರುತು. ಯುದ್ಧಕ್ಕೆ ಮುಂಚೆ ಅವನ ಡೇರೆ ಮೇಲೆ ಕೆಂಪು ಬಟ್ಟೆ ಏರಿಸುತ್ತಿದ್ದರು, ಎಲ್ಲರಿಗೂ ಕಾಣಲಿ ಅಂತ. ನೋಡಿ, ಬಣ್ಣದ ಕೆಲಸವೇ ಎದ್ದು ಕಾಣುವುದು.

ಬೆಲೆಯ ಲೆಕ್ಕವೂ ಇದೆ. ನಮ್ಮ ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಮಂಜಿಷ್ಠದ ಬಳಗದ್ದೇ ಒಂದು ಗಿಡದ ಬೇರಿನಿಂದ ಯುರೋಪಿನಲ್ಲಿ ಕೆಂಪು ಬಣ್ಣ ತೆಗೆಯುತ್ತಿದ್ದರು. ಅದು ಅಗ್ಗ. 1645ರಲ್ಲಿ ಇಂಗ್ಲೆಂಡಿನ ಹೊಸ ಸೇನೆಗೆ ಕೆಂಪು ಕೋಟು ಬಂದದ್ದಕ್ಕೂ ಅದೇ ಅನುಕೂಲವಾಯಿತು.

ಹಾಗಾದರೆ ಹಳೆಯ ಸೇನೆಗಳಲ್ಲಿ ಎಲ್ಲರಿಗೂ ಒಂದೇ ಬಣ್ಣ ಇತ್ತೇ ಅಂತ ಯಾರೂ ಕೇಳುವುದಿಲ್ಲ. ಕೇಳಬೇಕು. ಚೀನಾದಲ್ಲಿ 1974ರಲ್ಲಿ ಸಿಕ್ಕ, ಎರಡು ಸಾವಿರ ವರ್ಷಕ್ಕೂ ಹಳೆಯ ಮಣ್ಣಿನ ಸೈನಿಕ ಪ್ರತಿಮೆಗಳ ಮೈಮೇಲೆ ಹಸಿರು, ಕೆಂಪು, ನೀಲಿ, ನೇರಳೆ ಎಲ್ಲ ಇತ್ತು, ಅಕ್ಕಪಕ್ಕ ನಿಂತವರಿಗೂ ಬೇರೆ ಬೇರೆ. ತಮ್ಮವರು ಯಾರು ಅಂತ ಬಾವುಟ ನೋಡಿ, ನಗಾರಿ ಕೇಳಿ ತಿಳಿಯುತ್ತಿದ್ದ ಕಾಲ ಬಹಳ ಉದ್ದ.

ಬೀದರ್ ಕೋಟೆಯ ಬುರುಜಿನ ಮೇಲಿನ ತೋಪು ನೋಡಿದ್ದೀರಲ್ಲ? ಹಳೆಯ ಮದ್ದು ಸುಟ್ಟರೆ ರಣರಂಗ ಪೂರ್ತಿ ದಟ್ಟ ಹೊಗೆ. ಅದರೊಳಗೆ ನಮ್ಮವರು ಕಾಣಬೇಕಾದರೆ ಗಾಢ ಬಣ್ಣವೇ ಬೇಕು. 1880ರ ದಶಕದಲ್ಲಿ ಹೊಗೆಯಿಲ್ಲದ ಮದ್ದು ಬಂತು, ಬಂದೂಕು ದೂರಕ್ಕೆ ಹೊಡೆಯತೊಡಗಿತು, ಆಗ ಎದ್ದು ಕಾಣುವುದೇ ಅಪಾಯವಾಯಿತು. ಅದಕ್ಕೂ ಮೊದಲೇ, 1840ರ ದಶಕದ ಕೊನೆಗೆ, ಪೇಶಾವರದ ಕಡೆಯ ಒಂದು ಬ್ರಿಟಿಷ್ ಪಡೆಗೆ ಖಾಕಿ ಬಂದಿತ್ತು. ಸುರಪುರದ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ಮೇಲೆ ಎದ್ದ 1858ರ ಹೊತ್ತಿಗೆ ಅದಿನ್ನೂ ಹೊಸದು. 1902ರಲ್ಲಿ ಬ್ರಿಟನ್ನಿನಲ್ಲಿರುವ ಸೈನಿಕರೂ ಖಾಕಿ ಹಾಕಿದರು. ಕೆಂಪು ಕೋಟು ಮೆರವಣಿಗೆಗೆ ಉಳಿಯಿತು.