ರೋಮನ್ನರು ಬರುವ ಮೊದಲೇ ಕಲ್ಲೇವಾ ಪಟ್ಟಣವಾಗಿತ್ತು

ಬ್ರಿಟನ್ನಿಗೆ ಪಟ್ಟಣ ಕಟ್ಟುವುದನ್ನು ಕಲಿಸಿದ್ದು ರೋಮನ್ನರು ಅಂತ ಓದಿರ್ತೀವಿ, ಅಲ್ವಾ? ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿರುವ ಸಿಲ್ಚೆಸ್ಟರ್‌ನ ನೆಲ ಬೇರೆಯದೇ ಕಥೆ ಹೇಳುತ್ತದೆ.

ಅದು ಅಟ್ರೆಬೇಟ್ಸ್ ಎಂಬ ಕೆಲ್ಟಿಕ್ ಬುಡಕಟ್ಟಿನ ರಾಜಧಾನಿ, ಕಲ್ಲೇವಾ. ರೋಮನ್ ಸೈನ್ಯ ದ್ವೀಪವನ್ನು ಗೆದ್ದುಕೊಳ್ಳಲು ಬಂದಿದ್ದು ಕ್ರಿ.ಶ. 43ರಲ್ಲಿ. ಅದಕ್ಕೂ ಮೊದಲೇ ಎಪ್ಪಿಲ್ಲಸ್ ಎಂಬ ದೊರೆ ಈ ಊರಿನ ಹೆಸರು ಹೊತ್ತ ನಾಣ್ಯ ಹೊರಡಿಸಿದ್ದ.

1997ರಿಂದ 2014ರವರೆಗೆ ರೀಡಿಂಗ್ ವಿಶ್ವವಿದ್ಯಾಲಯದ ಮೈಕೆಲ್ ಫುಲ್ಫೋರ್ಡ್ ತಂಡ ಇಲ್ಲಿನ ಒಂದು ಬಡಾವಣೆಯನ್ನು ಪದರ ಪದರವಾಗಿ ಅಗೆಯಿತು. ರೋಮನ್ ಮಣ್ಣಿನ ಕೆಳಗೆ, ವಿಜಯಕ್ಕೂ ಹಿಂದಿನ ಬಾವಿಯೊಂದರಲ್ಲಿ ಸಿಕ್ಕಿದ್ದು ಆಲಿವ್ ಬೀಜ! ಅದೇ ಕಾಲದ ಕೊತ್ತಂಬರಿ, ಸಬ್ಬಸಿಗೆ ಬೀಜಗಳೂ ಸಿಕ್ಕವು. ಬಾವಿಯ ತಳದ ಒದ್ದೆ ಕೆಸರಿಗೆ ಆಮ್ಲಜನಕ ಅಷ್ಟಾಗಿ ಇಳಿಯುವುದಿಲ್ಲ, ಹಾಗಾಗಿ ಕೊಳೆಸುವ ಸೂಕ್ಷ್ಮಜೀವಿಗಳ ಆಟ ನಡೆಯುವುದಿಲ್ಲ, ಎರಡು ಸಾವಿರ ವರ್ಷದ ಹಿಂದಿನ ಅಡುಗೆಮನೆಯ ಸುಳಿವು ಹಾಗೇ ಉಳಿದುಬಿಡುತ್ತದೆ. ಆಲಿವ್ ದೂರದ ಮೆಡಿಟರೇನಿಯನ್ ಕಡೆಯದು. ಅಂದರೆ ರೋಮನ್ ಸೈನಿಕರಿಗಿಂತ ಮೊದಲು ರೋಮನ್ ರುಚಿ ಇಲ್ಲಿಗೆ ಬಂದಿತ್ತು, ವ್ಯಾಪಾರದ ದಾರಿಯಲ್ಲಿ.

ನನಗೆ ಇನ್ನೂ ಜಾಸ್ತಿ ಹಿಡಿಸಿದ್ದು ಒಂದು ಮನೆ. ರೋಮನ್ ಬೀದಿಗಳು ಉತ್ತರ-ದಕ್ಷಿಣ, ಪೂರ್ವ-ಪಶ್ಚಿಮವಾಗಿ ನೇರ ಹಾಯುತ್ತವೆ. ಆ ಮನೆ ಮಾತ್ರ ಅವಕ್ಕೆ ಓರೆಯಾಗಿ, ಹಳೇ ಕೆಲ್ಟಿಕ್ ಊರಿನ ದಿಕ್ಕಿಗೇ ನಿಂತಿತ್ತು. ಕೆಡವಿ ಮತ್ತೆ ಕಟ್ಟಿದಾಗಲೂ ಅದೇ ಓರೆ. ಹೊಸ ಆಡಳಿತ ಬೀದಿ ಎಳೆದರೂ ಆ ಜಾಗದವರು ತಮ್ಮ ದಿಕ್ಕು ಬಿಡಲಿಲ್ಲ ಅಂತಲೇ ನನಗನಿಸುತ್ತದೆ.

ಕ್ರಿ.ಶ. 5ನೇ ಶತಮಾನದಿಂದ ಮುಂದೆ ಊರು ಬರಿದಾಯಿತು. ಲಂಡನ್ನಿನ ಹಾಗೆ ಇದರ ಮೇಲೆ ಹೊಸ ನಗರ ಏಳಲಿಲ್ಲ, ಒಂದು ಚರ್ಚು, ಒಂದಷ್ಟು ಹೊಲಗದ್ದೆ, ಅಷ್ಟೇ. ಅದರಿಂದಲೇ ಇಡೀ ಪಟ್ಟಣದ ನಕ್ಷೆ ನಮಗೆ ದಕ್ಕಿದೆ. ಮಳೆ ಕೈಕೊಟ್ಟ ಬೇಸಿಗೆಯಲ್ಲಿ, ಹೂತುಹೋದ ಕಲ್ಲಿನ ರಸ್ತೆ, ಗೋಡೆಗಳ ಮೇಲಿನ ತೆಳು ಮಣ್ಣು ಬೇಗ ಒಣಗಿ ಅಲ್ಲಿನ ಬೆಳೆ ಮೊದಲು ಹಳದಿಯಾಗುತ್ತದೆ. ಆಗ ವಿಮಾನದಿಂದ ನೋಡಿದರೆ ಬೀದಿಗಳು ಗೆರೆ ಎಳೆದಂತೆ ಕಾಣುತ್ತವೆ.

ಸುಮಾರು 2.4 ಕಿ.ಮೀ. ಸುತ್ತಳತೆಯ ಕೋಟೆಗೋಡೆ ಇವತ್ತಿಗೂ ನಿಂತಿದೆ, ಸುತ್ತ ನಡೆಯಲು ಟಿಕೆಟ್ ಬೇಡ. ಸಿಕ್ಕ ವಸ್ತುಗಳನ್ನು ನೋಡಲು ರೀಡಿಂಗ್ ಮ್ಯೂಸಿಯಂಗೆ ಹೋಗಬೇಕು. 1866ರಲ್ಲಿ ಸಿಕ್ಕ ಕಂಚಿನ ಹದ್ದು ಅಲ್ಲಿ ಹೆಸರುವಾಸಿ. ಕಲ್ಲೇವಾದ ಇನ್ನೊಂದು ವಸ್ತುವನ್ನೂ ಮರೆಯಬೇಡಿ: ಗೋಡೆಯೊಳಗೆ ಬಿಸಿಗಾಳಿ ಹಾಯಿಸಲು ಮಾಡಿದ ಮಣ್ಣಿನ ಪೊಳ್ಳು ಇಟ್ಟಿಗೆ. ಅದು ಹಸಿಯಾಗಿದ್ದಾಗಲೇ ಕ್ಲೆಮೆಂಟಿನಸ್ ಎಂಬ ಕೆಲಸಗಾರ, ಇದನ್ನು ಮಾಡಿದ್ದು ನಾನು ಅಂತ ಲ್ಯಾಟಿನ್ನಿನಲ್ಲಿ ಗೀಚಿದ್ದಾನೆ.